ಜ್ಯೂರಿ ಇರುವ ಚಿತ್ರಪ್ರದರ್ಶನಕ್ಕೆ ಕೃತಿ ಕಳಿಸುವುದು ಹೇಗೆ?

"ಹತ್ತಿರದ ಕಲಾಕೇಂದ್ರದವರು ಸ್ಥಳೀಯ ಕಲಾವಿದರಿಗೆ ಸಮೂಹ ಪ್ರದರ್ಶನ ಅಂತ ಕರೆದಿದ್ದಾರೆ, ಜ್ಯೂರಿ ಇರುತ್ತಂತೆ, ನನ್ನಂಥವರು ಕಳಿಸಬಹುದಾ?" ಎಷ್ಟು ಜನ ಹೀಗೆ ಕೇಳಿದ್ದೀರಿ ಅಂತ ಲೆಕ್ಕ ಇಟ್ಟಿಲ್ಲ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಹಾಕುತ್ತಿದ್ದೇನೆ.

ಕಳಿಸಬಹುದು. ಖಂಡಿತ ಕಳಿಸಿ. ಆದರೆ ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಬಹುತೇಕ ಕಡೆ ಮೊದಲ ಸುತ್ತಿನಲ್ಲಿ ಜ್ಯೂರಿಯ ಕಣ್ಣಿಗೆ ಬೀಳುವುದು ನಿಮ್ಮ ಚಿತ್ರದ ಫೋಟೋ ಮಾತ್ರ, ಅದೂ ಕೆಲವೇ ಸೆಕೆಂಡು. ತಿಂಗಳುಗಟ್ಟಲೆ ಕೂತು ಬಿಡಿಸಿದ ಚಿತ್ರವನ್ನು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ಮೊಬೈಲಲ್ಲಿ ಕ್ಲಿಕ್ ಮಾಡಿ ಕಳಿಸಿದರೆ, ಜ್ಯೂರಿ ಆ ಓರೆ ಫೋಟೋಗೇ ಅಂಕ ಕೊಡುತ್ತದೆ. ಒಳ್ಳೆಯ ಕೃತಿಗಳು ಬಿದ್ದುಹೋಗುವುದು ಜಾಸ್ತಿ ಇಂಥ ಸಣ್ಣ ಕಾರಣಕ್ಕೆ.

ಮೊದಲು ಎರಡು ಪದ. ಜ್ಯೂರಿ ಅಂದರೆ ಆಯ್ಕೆ ಸಮಿತಿ. ಒಬ್ಬರೇ ಇರಬಹುದು, ಮೂರು ಜನ ಇರಬಹುದು, ಐದೂ ಇರಬಹುದು. ಸಾಮಾನ್ಯವಾಗಿ ಕೇಂದ್ರದ ಹೊರಗಿನವರು: ಕಲಾವಿದರು, ಕಲೆ ಕಲಿಸುವವರು, ಕ್ಯುರೇಟರ್‌ಗಳು. ಕ್ಯುರೇಟರ್ ಅಂದರೆ ಯಾವ ಕೃತಿ ಯಾವ ಗೋಡೆಗೆ, ಯಾವುದರ ಪಕ್ಕ ಯಾವುದು ಅಂತ ತೀರ್ಮಾನಿಸಿ ಇಡೀ ಪ್ರದರ್ಶನವನ್ನು ರೂಪಿಸುವವರು.

1. ಆಹ್ವಾನ ಪತ್ರವನ್ನು ಎರಡು ಸಲ ಓದಿ

ಕೇಂದ್ರದವರು ಪ್ರಕಟಿಸುವ ನಿಯಮಗಳ ಹಾಳೆಗೆ ಪ್ರಾಸ್ಪೆಕ್ಟಸ್ ಅಂತಾರೆ, ಕೆಲವರು ಬರೀ 'ಕಾಲ್' ಅಂತಾರೆ. ಮೊದಲ ಸಲ ಸುಮ್ನೆ ಓದಿ. ಎರಡನೇ ಸಲ ಪೆನ್ನು ಹಿಡಿದು ಓದಿ, ಇವಿಷ್ಟನ್ನು ಗುರುತು ಹಾಕಿಕೊಳ್ಳಿ: ಯಾರು ಕಳಿಸಬಹುದು ('ಸ್ಥಳೀಯ' ಅಂದರೆ ಎಲ್ಲಿಯವರೆಗೆ ಅಂತ ಅವರೇ ಬರೆದಿರುತ್ತಾರೆ), ಎಷ್ಟು ಕೃತಿ ಕಳಿಸಬಹುದು, ಗರಿಷ್ಠ ಅಳತೆ ಎಷ್ಟು, ತೂಕದ ಮಿತಿ ಇದೆಯಾ, ವಿಷಯ ಕೊಟ್ಟಿದ್ದಾರಾ, ಕೃತಿ ಎಷ್ಟು ವರ್ಷದೊಳಗಿನದಾಗಿರಬೇಕು, ಮೊದಲೇ ಎಲ್ಲಾದರೂ ಪ್ರದರ್ಶನ ಆಗಿದ್ದರೆ ನಡೆಯುತ್ತಾ.

ಆಮೇಲೆ ದಿನಾಂಕಗಳು. ಒಂದಲ್ಲ, ಐದಾರು ಇರುತ್ತವೆ. ಅರ್ಜಿಯ ಕೊನೆ ದಿನ, ಫಲಿತಾಂಶದ ದಿನ, ಕೃತಿ ತಂದೊಪ್ಪಿಸುವ ದಿನ, ಉದ್ಘಾಟನೆ, ಮುಕ್ತಾಯ, ವಾಪಸ್ ಒಯ್ಯುವ ದಿನ. ಎಲ್ಲರೂ ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಕೃತಿ ಒಪ್ಪಿಸಲು ಒಂದೋ ಎರಡೋ ದಿನ, ಅದರಲ್ಲೂ ಕೆಲವೇ ಗಂಟೆ ಕೊಟ್ಟಿರುತ್ತಾರೆ. ಆ ದಿನ ನೀವು ಬೇರೆ ಊರಲ್ಲಿದ್ದರೆ ಯಾರ ಕೈಲಿ ಕಳಿಸುತ್ತೀರಿ ಅನ್ನುವುದನ್ನು ಅರ್ಜಿ ಹಾಕುವ ಮೊದಲೇ ಯೋಚಿಸಿ.

ಪ್ರವೇಶ ಶುಲ್ಕದ ಬಗ್ಗೆ ಜಗಳ ತುಂಬಾ ಕೇಳಿದ್ದೇನೆ. ಜ್ಯೂರಿಗೆ ಗೌರವಧನ, ಪ್ರಚಾರ, ಬಹುಮಾನ ಇವಕ್ಕೆಲ್ಲ ದುಡ್ಡು ಬೇಕು, ಹಾಗಾಗಿ ಶುಲ್ಕ ಕೇಳುವುದೇ ತಪ್ಪಲ್ಲ. ಆಯ್ಕೆ ಆಗದಿದ್ದರೆ ಅದು ವಾಪಸ್ ಬರುವುದಿಲ್ಲ, ಅದೂ ಬಹುತೇಕ ಕಡೆ ಇರುವ ನಿಯಮವೇ. ಆದರೆ ಜ್ಯೂರಿ ಯಾರು ಅಂತ ಹೇಳದೆ, ಪ್ರದರ್ಶನದ ಜಾಗ, ದಿನ ಖಚಿತ ಮಾಡದೆ, "ನೀವು ಆಯ್ಕೆಯಾಗಿದ್ದೀರಿ, ಭಾಗವಹಿಸಲು ಇಷ್ಟು ಕಟ್ಟಿ" ಅಂತ ನೀವು ಅರ್ಜಿಯನ್ನೇ ಹಾಕದೆ ಇದ್ದಾಗ ಸಂದೇಶ ಬಂದರೆ ಅದು ಪ್ರದರ್ಶನವಲ್ಲ, ದುಡ್ಡು ಮಾಡುವ ದಾರಿ. ಬಿಟ್ಟುಬಿಡಿ.

2. ಯಾವ ಕೃತಿ ಕಳಿಸಬೇಕು?

ಮೂರು ಕೃತಿಗೆ ಅವಕಾಶ ಇದ್ದರೆ ಹೊಸಬರು ಮಾಡುವ ಮೊದಲ ಕೆಲಸ: ಒಂದು ನಿಸರ್ಗಚಿತ್ರ, ಒಂದು ಭಾವಚಿತ್ರ, ಒಂದು ಅಮೂರ್ತ. ನನಗೆ ಎಲ್ಲವೂ ಬರುತ್ತದೆ ಅಂತ ತೋರಿಸುವ ಆಸೆ. ಜ್ಯೂರಿಗೆ ಅದು ಮೂರು ಬೇರೆ ಬೇರೆ ವಿದ್ಯಾರ್ಥಿಗಳ ಕೆಲಸದ ಹಾಗೆ ಕಾಣುತ್ತದೆ. ಒಂದೇ ಕೈಯಿಂದ ಬಂದಿದ್ದು ಅಂತ ನೋಡಿದ ಕೂಡಲೇ ಗೊತ್ತಾಗುವ ಮೂರನ್ನು ಆರಿಸಿ. ಹಾಗೆ ಮೂರು ಇಲ್ಲ ಅಂದರೆ ಎರಡೇ ಕಳಿಸಿ. ಒಂದು ಸಪ್ಪೆ ಚಿತ್ರ ಪಕ್ಕದ ಎರಡನ್ನೂ ಕೆಳಗೆ ಎಳೆಯುತ್ತದೆ.

ವಿಷಯ ಕೊಟ್ಟಿದ್ದಾಗ ಇನ್ನೊಂದು ತೊಂದರೆ. 'ನೀರು' ಅಂತ ಕೊಟ್ಟರೆ ಹತ್ತಿಪ್ಪತ್ತು ಜಲಪಾತ ಬಂದೇ ಬರುತ್ತವೆ. ನಿಮ್ಮದೂ ಜಲಪಾತವೇ ಆಗಿದ್ದರೆ ಅದು ಆ ಇಪ್ಪತ್ತರಲ್ಲಿ ಮೊದಲನೆಯದಾಗಿರಬೇಕು. ಒಣಗಿದ ಬಕೆಟ್ ಬಿಡಿಸಿದವರಿಗೆ ಆ ಪೈಪೋಟಿ ಇಲ್ಲ ಅಲ್ವಾ?

ಇನ್ನು ಕಳಿಸಲೇಬಾರದವು. ಬೇರೆಯವರು ತೆಗೆದ ಫೋಟೋ ನೋಡಿ ಹಾಗೇ ಬಿಡಿಸಿದ ಚಿತ್ರ: ಫೋಟೋದ ಹಕ್ಕು ತೆಗೆದವರದು, ಅವರ ಒಪ್ಪಿಗೆ ಇಲ್ಲದೆ ಅದನ್ನು ನಿಮ್ಮ ಸ್ವಂತ ಕೃತಿ ಅನ್ನುವಂತಿಲ್ಲ, ಇಂಟರ್‌ನೆಟ್ಟಲ್ಲಿ ಸಿಕ್ಕಿತು ಅನ್ನುವುದು ಒಪ್ಪಿಗೆ ಅಲ್ಲ. ತರಗತಿಯಲ್ಲಿ ಗುರುಗಳು ತಿದ್ದಿಕೊಟ್ಟ ಚಿತ್ರವನ್ನೂ ತುಂಬಾ ಕಡೆ ತೆಗೆದುಕೊಳ್ಳುವುದಿಲ್ಲ. ಎಐ ಬಳಸಿದ್ದರೆ ಅದರ ಬಗ್ಗೆ ನಿಯಮ ಏನಿದೆ ನೋಡಿ, ಮುಚ್ಚಿಡಬೇಡಿ. ಮತ್ತೆ, ಮಾರಾಟವಾಗಿ ಬೇರೆಯವರ ಮನೆ ಸೇರಿರುವ ಚಿತ್ರ. ಆಯ್ಕೆಯಾದ ಮೇಲೆ "ಅದು ನನ್ನ ಹತ್ತಿರ ಇಲ್ಲ, ಅದೇ ಥರದ್ದು ಇನ್ನೊಂದು ಕೊಡ್ತೀನಿ" ಅಂದರೆ ಯಾರೂ ಒಪ್ಪುವುದಿಲ್ಲ.

3. ಫೋಟೋ. ಇಲ್ಲಿ ನಿಧಾನ ಮಾಡಿ

ಒಂದು ಪೂರ್ತಿ ಮಧ್ಯಾಹ್ನ ಇದಕ್ಕೇ ಇಡಿ. ದುಬಾರಿ ಕ್ಯಾಮೆರಾ ಬೇಕಿಲ್ಲ, ಒಳ್ಳೆಯ ಮೊಬೈಲ್ ಸಾಕು. ಬೆಳಕು ಮತ್ತು ಕೋನ ಸರಿ ಇರಬೇಕು, ಅಷ್ಟೇ.

ಚಿತ್ರಕ್ಕೆ ಗಾಜು ಹಾಕಿಸುವ ಮೊದಲೇ ಫೋಟೋ ತೆಗೆಯಿರಿ. ಗಾಜಿನ ಮೇಲಿಂದ ತೆಗೆದರೆ ಕಿಟಕಿಯೂ ಬರುತ್ತದೆ, ನೀವೂ ಬರುತ್ತೀರಿ. ಚಿತ್ರವನ್ನು ಗೋಡೆಗೆ ನೇರವಾಗಿ ತೂಗುಹಾಕಿ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ, ಅದರ ಲೆನ್ಸು ಚಿತ್ರದ ಸರಿಯಾಗಿ ನಡುವಿಗೆ ಬರುವಷ್ಟು ಎತ್ತರದಲ್ಲಿ ಇಡಿ. ಚಿತ್ರ ಗೋಡೆಗೆ ಸ್ವಲ್ಪ ವಾಲಿದ್ದರೆ ಕ್ಯಾಮೆರಾವನ್ನೂ ಅಷ್ಟೇ ವಾಲಿಸಿ. ಇಲ್ಲದಿದ್ದರೆ ಚೌಕ ಚಿತ್ರ ಮೇಲೆ ಕಿರಿದಾಗಿ, ಕೆಳಗೆ ಅಗಲವಾಗಿ ಕಾಣುತ್ತದೆ. ಮೊಬೈಲ್ ಹತ್ತಿರ ಹಿಡಿದು ತೆಗೆದರೆ ಅಂಚುಗಳು ಬಾಗುತ್ತವೆ. ಹಿಂದಕ್ಕೆ ಸರಿದು ಎರಡು ಪಟ್ಟು ಜೂಮ್‌ನಲ್ಲಿ ತೆಗೆಯಿರಿ.

ಬೆಳಕಿಗೆ ಸುಲಭದ ದಾರಿ ಮೋಡ ಕವಿದ ಹಗಲು, ಅಥವಾ ನೇರ ಬಿಸಿಲು ಬೀಳದ ನೆರಳಿನ ಜಾಗ. ಒಳಗೇ ತೆಗೆಯುವುದಾದರೆ ಒಂದೇ ಥರದ ಎರಡು ದೀಪ ಬೇಕು, ಎಡಕ್ಕೊಂದು ಬಲಕ್ಕೊಂದು, ಎರಡೂ ಚಿತ್ರಕ್ಕೆ 45 ಡಿಗ್ರಿ ಕೋನದಲ್ಲಿ. ಕೋಣೆಯ ಬೇರೆ ದೀಪಗಳೆಲ್ಲ ಆರಿರಲಿ, ಯಾಕೆಂದರೆ ಹಳದಿ ಬಲ್ಬು ಮತ್ತು ಕಿಟಕಿಯ ಬೆಳಕು ಸೇರಿದರೆ ಚಿತ್ರದ ಅರ್ಧ ಹಳದಿ, ಅರ್ಧ ನೀಲಿ ಆಗುತ್ತದೆ, ಅದನ್ನು ಆಮೇಲೆ ಸರಿ ಮಾಡುವುದು ದೊಡ್ಡ ತಲೆನೋವು. ಫ್ಲ್ಯಾಶ್ ಬೇಡವೇ ಬೇಡ. ತೈಲವರ್ಣದ ಮೇಲೆ ಹೊಳಪು ಹೊಡೆಯುತ್ತಿದ್ದರೆ ದೀಪಗಳನ್ನು ಇನ್ನಷ್ಟು ಪಕ್ಕಕ್ಕೆ ಸರಿಸಿ. ಕ್ಯಾಮೆರಾ ಇದ್ದರೆ ಪೋಲರೈಸರ್ ಫಿಲ್ಟರ್ ಅನ್ನುವ ಗಾಜು ಹಾಕಿ ನೋಡಿ, ಅದು ಹೊಳಪನ್ನು ತಗ್ಗಿಸುತ್ತದೆ.

ತೆಗೆದ ಮೇಲೆ ಚಿತ್ರದ ಅಂಚಿಗೆ ಸರಿಯಾಗಿ ಕತ್ತರಿಸಿ. ಗೋಡೆ, ಫ್ರೇಮು, ಹಿಡಿದುಕೊಂಡ ಬೆರಳು ಯಾವುದೂ ಕಾಣಬಾರದು. ಬಣ್ಣ ತಿದ್ದುವಾಗ ಮೂಲ ಚಿತ್ರವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಬಣ್ಣಗಳನ್ನು ಮೂಲಕ್ಕಿಂತ ಗಾಢ ಮಾಡುವ ಆಸೆ ಎಲ್ಲರಿಗೂ ಬರುತ್ತದೆ, ತಡೆದುಕೊಳ್ಳಿ. ಕೃತಿ ಕೈಗೆ ಬಂದಾಗ ಫೋಟೋಗೂ ಅದಕ್ಕೂ ತಾಳೆಯಾಗದಿದ್ದರೆ ಅಲ್ಲಿಂದಲೇ ವಾಪಸ್ ಕಳಿಸುವ ಅಧಿಕಾರ ಕೇಂದ್ರಕ್ಕೆ ಇರುತ್ತದೆ, ನಿಯಮದಲ್ಲೇ ಬರೆದಿರುತ್ತಾರೆ. ಶಿಲ್ಪವಾದರೆ ಹಿಂದೆ ಬೂದು ಅಥವಾ ಬಿಳಿಯ ಸಾದಾ ಹಿನ್ನೆಲೆ ಸಾಕು. ಅವಕಾಶ ಕೊಟ್ಟಿದ್ದರೆ ಇನ್ನೊಂದು ಕೋನದಿಂದಲೂ ಒಂದು ಫೋಟೋ ಸೇರಿಸಿ.

ಈಗ ಎಲ್ಲರನ್ನೂ ಗೊಂದಲಕ್ಕೆ ಬೀಳಿಸುವ ಸಂಖ್ಯೆಗಳು. ಪಿಕ್ಸೆಲ್ ಅಂದರೆ ಡಿಜಿಟಲ್ ಚಿತ್ರದ ಒಂದು ಚುಕ್ಕಿ. ಡಿಪಿಐ ಅಂದರೆ ಮುದ್ರಿಸುವಾಗ ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ. 3000 ಪಿಕ್ಸೆಲ್ ಅಗಲದ ಫೋಟೋ 300 ಡಿಪಿಐಯಲ್ಲಿ ಮುದ್ರಿಸಿದರೆ 10 ಇಂಚು ಬರುತ್ತದೆ, ಅಷ್ಟೇ ವಿಷಯ. ಪರದೆ ಮೇಲೆ ನೋಡುವ ಜ್ಯೂರಿಗೆ ಪಿಕ್ಸೆಲ್ ಮುಖ್ಯ, ಡಿಪಿಐ ಅಲ್ಲ. "ಉದ್ದನೆಯ ಬದಿ 1920 ಪಿಕ್ಸೆಲ್" ಅಂತ ಕೇಳಿದ್ದರೆ ಅಷ್ಟೇ ಕೊಡಿ. ಚಿಕ್ಕ ಫೋಟೋವನ್ನು ಹಿಗ್ಗಿಸಿ ಕೊಟ್ಟರೆ ಮಸುಕಾಗುತ್ತದೆ. ಫೈಲು ಜೆಪೆಗ್ ಆಗಿರಲಿ, ಬಣ್ಣದ ಪ್ರೊಫೈಲ್ ಕೇಳಿದರೆ ಎಸ್‌ಆರ್‌ಜಿಬಿ ಅಂತ ಆರಿಸಿ, ಸಾಮಾನ್ಯ ಪರದೆಗಳೆಲ್ಲ ಅದಕ್ಕೇ ಹೊಂದಿಕೊಂಡಿರುತ್ತವೆ.

ಮೊಬೈಲಿಂದ ಕಂಪ್ಯೂಟರಿಗೆ ಫೋಟೋ ಕಳಿಸಲು ವಾಟ್ಸಾಪ್ ಬಳಸುತ್ತೀರಾ? ಅದು ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ. ಕೇಬಲ್ ಹಾಕಿ ತೆಗೆದುಕೊಳ್ಳಿ, ಇಲ್ಲವೇ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿಕೊಳ್ಳಿ.

4. ಅರ್ಜಿ ತುಂಬುವುದು

ಜ್ಯೂರಿಗೆ ಹೆಸರು ಗೊತ್ತಾಗಬಾರದು ಅನ್ನುವ ಪದ್ಧತಿ ತುಂಬಾ ಕಡೆ ಇದೆ. ಅಂಥ ಕಡೆ ಫೋಟೋ ಮೇಲೆ ವಾಟರ್‌ಮಾರ್ಕ್ (ತೆಳುವಾಗಿ ಮೂಡಿಸುವ ಹೆಸರು ಅಥವಾ ಗುರುತು) ಹಾಕಬೇಡಿ, ಫೈಲಿನ ಹೆಸರಲ್ಲಿ ನಿಮ್ಮ ಹೆಸರು ಇರಬೇಕೋ ಬೇಡವೋ ನೋಡಿಕೊಳ್ಳಿ. ಚಿತ್ರದಲ್ಲಿರುವ ನಿಮ್ಮ ಸಹಿ ಹಾಗೇ ಇರಬಹುದಾ ಅನ್ನುವುದು ಸ್ಪಷ್ಟವಾಗದಿದ್ದರೆ ಕೇಂದ್ರಕ್ಕೆ ಮೇಲ್ ಮಾಡಿ ಕೇಳಿ. ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಕೊಡಿ. ಕನ್ನಡದಲ್ಲಿ ಕೊಟ್ಟರೆ ಕೆಲವು ಅರ್ಜಿ ವ್ಯವಸ್ಥೆಗಳಲ್ಲಿ ಅದು ಬರೀ ಚೌಕಗಳಾಗಿ ಬಿಡುತ್ತದೆ.

ಅಳತೆ ಬರೆಯುವಾಗ ಮೊದಲು ಎತ್ತರ, ಆಮೇಲೆ ಅಗಲ, ಕೊನೆಗೆ ದಪ್ಪ. ಕಲಾಲೋಕದ ರೂಢಿ ಅದು. ಅಡ್ಡ ಚಿತ್ರಕ್ಕೆ 90 × 60 ಅಂತ ಬರೆದರೆ ನಿಲುವು ಚಿತ್ರ ಅಂದುಕೊಂಡು ಅಷ್ಟು ಜಾಗ ಬಿಟ್ಟಿರುತ್ತಾರೆ. ಸೆಂಟಿಮೀಟರೋ ಇಂಚೋ ನೋಡಿ. ಮತ್ತೆ, ಫ್ರೇಮ್ ಸೇರಿಸಿದ ಅಳತೆ ಕೇಳಿದ್ದಾರಾ, ಬರೀ ಚಿತ್ರದ್ದಾ? ಗರಿಷ್ಠ ಅಳತೆ ಅಂತ ಹೇಳಿದಾಗ ಸಾಮಾನ್ಯವಾಗಿ ಫ್ರೇಮ್ ಸೇರಿಸಿಯೇ. ಇಲ್ಲಿ ಎಡವಿದರೆ ಆಯ್ಕೆಯಾದ ಕೃತಿಯೂ ಬಾಗಿಲಿಂದಲೇ ವಾಪಸ್.

ಮಾಧ್ಯಮವನ್ನು ಬಿಡಿಸಿ ಬರೆಯಿರಿ: 'ಕಾಗದದ ಮೇಲೆ ಜಲವರ್ಣ', 'ಕ್ಯಾನ್ವಾಸ್ ಮೇಲೆ ಅಕ್ರಿಲಿಕ್'. ಅಚ್ಚು ಕಲೆಯಾದರೆ ಎಡಿಷನ್ ಸಂಖ್ಯೆ ಬೇಕು. 3/25 ಅಂದರೆ ಒಟ್ಟು 25 ಪ್ರತಿಗಳಲ್ಲಿ ಇದು ಮೂರನೆಯದು. 'ಶೀರ್ಷಿಕೆ ಇಲ್ಲ' ಅಂತ ಮೂರು ಕೃತಿಗೂ ಕೊಡಬೇಡಿ, ಕೇಂದ್ರದವರು ಯಾವುದು ಯಾವುದು ಅಂತ ಹುಡುಕಿ ಸುಸ್ತಾಗುತ್ತಾರೆ.

ಬೆಲೆಯನ್ನೂ ಈಗಲೇ ಬರೆಯಬೇಕು, ಆಮೇಲೆ ಬದಲಿಸಲು ಬಿಡುವುದಿಲ್ಲ. ಮಾರಾಟವಾದರೆ ಕೇಂದ್ರ ಒಂದು ಪಾಲು ತೆಗೆದುಕೊಳ್ಳುತ್ತದೆ, ಅದೇ ಕಮಿಷನ್. ಖಾಸಗಿ ಗ್ಯಾಲರಿಗಳಲ್ಲಿ ಅರ್ಧದಷ್ಟು ತೆಗೆದುಕೊಳ್ಳುವುದು ಸಾಮಾನ್ಯ, ಸಮುದಾಯ ಕೇಂದ್ರಗಳಲ್ಲಿ ಅದಕ್ಕಿಂತ ಕಡಿಮೆ ಇರುವುದೇ ಹೆಚ್ಚು. ಕಮಿಷನ್ 30 ಶೇಕಡಾ ಅಂತಿಟ್ಟುಕೊಳ್ಳಿ. ನಿಮ್ಮ ಕೈಗೆ 700 ಬರಬೇಕಾದರೆ ಬೆಲೆ 1000 ಇರಬೇಕು. 700ಕ್ಕೆ 30 ಶೇಕಡಾ ಸೇರಿಸಿ 910 ಅಂತ ಬರೆದರೆ ಕೈಗೆ ಬರುವುದು 637. ಈ ಲೆಕ್ಕದಲ್ಲಿ ತಪ್ಪುವವರು ತುಂಬಾ ಜನ. ಮಾರುವುದಿಲ್ಲ ಅಂದರೆ ಹಾಗೆಂದು ಬರೆಯಿರಿ, ಆದರೂ ವಿಮೆಗಾಗಿ ಒಂದು ಮೌಲ್ಯ ಕೇಳುತ್ತಾರೆ.

5. ಕಲಾವಿದರ ಹೇಳಿಕೆ

ಆರ್ಟಿಸ್ಟ್ ಸ್ಟೇಟ್‌ಮೆಂಟ್ ಅಂದರೆ ಈ ಕೃತಿ ಏನು, ಯಾಕೆ, ಹೇಗೆ ಅಂತ ನೀವೇ ಹೇಳುವ ಪುಟ್ಟ ಬರಹ. ನಿಮ್ಮ ಜೀವನಚರಿತ್ರೆ ಬೇರೆ, ಅದಕ್ಕೆ ಬಯೋ ಅಂತಾರೆ, ಅದನ್ನು ಇಲ್ಲಿ ತುರುಕಬೇಡಿ. ಪದಮಿತಿ ಕೊಟ್ಟಿರುತ್ತಾರೆ, ಕೊಡದಿದ್ದರೆ ನೂರು, ನೂರೈವತ್ತು ಪದ ಸಾಕು.

ನಮ್ಮವರಿಗೆ ಒಂದು ಚಟ. ಮಾತಾಡುವಾಗ ಚೆನ್ನಾಗೇ ಇರುತ್ತಾರೆ, ಹೇಳಿಕೆ ಬರೆಯಲು ಕೂತರೆ ಸಾಕು, "ನನ್ನ ಕೃತಿಗಳು ಮಾನವ ಅಂತರಂಗದ ಅನಂತ ಶೋಧನೆಯ ಅಭಿವ್ಯಕ್ತಿ" ಅಂತ ಶುರುವಾಗಿಬಿಡುತ್ತದೆ. ಈ ಸಾಲನ್ನು ಯಾವ ಚಿತ್ರದ ಕೆಳಗೆ ಬೇಕಾದರೂ ಅಂಟಿಸಬಹುದು, ಅದೇ ಅದರ ದೋಷ. ಅದರ ಬದಲು ಹೀಗೆ ಬರೆಯಬಹುದು: "ಬೀಗ ಹಾಕಿದ ಬಾಗಿಲುಗಳನ್ನು ಮೂರು ವರ್ಷದಿಂದ ಬಿಡಿಸುತ್ತಿದ್ದೇನೆ. ಎಲ್ಲವೂ ನಿಜವಾದ ಬಾಗಿಲುಗಳು, ಅಲ್ಲೇ ಕೂತು ಸ್ಕೆಚ್ ಮಾಡಿದ್ದು. ಬಣ್ಣವನ್ನು ಪದರ ಪದರವಾಗಿ ಹಚ್ಚಿ, ಆಮೇಲೆ ಬ್ಲೇಡಿನಿಂದ ಕೆರೆಯುತ್ತೇನೆ, ಹಳೆಯ ಬಾಗಿಲಲ್ಲಿ ಬಣ್ಣ ಎದ್ದುಬರುವ ಹಾಗೆ." ಓದಿದವರು ಚಿತ್ರವನ್ನು ಇನ್ನೊಮ್ಮೆ ನೋಡುತ್ತಾರೆ. ಅಷ್ಟಾದರೆ ಹೇಳಿಕೆ ತನ್ನ ಕೆಲಸ ಮಾಡಿತು. ಬರೆದದ್ದನ್ನು ಚಿತ್ರಕಲೆ ಗೊತ್ತಿಲ್ಲದ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ಅವರ ಮುಖ ನೋಡಿದರೆ ಯಾವ ಸಾಲು ತೆಗೆಯಬೇಕು ಅಂತ ಗೊತ್ತಾಗುತ್ತದೆ.

ಅರ್ಜಿಯನ್ನು ಕೊನೆಯ ರಾತ್ರಿಗೆ ಇಡಬೇಡಿ. ಎಲ್ಲರೂ ಅದೇ ಹೊತ್ತಿಗೆ ಫೈಲು ಏರಿಸುತ್ತಿರುತ್ತಾರೆ, ಸೈಟು ನಿಧಾನವಾಗುತ್ತದೆ. ಕಳಿಸಿದ ಮೇಲೆ ಸ್ವೀಕೃತಿ ಮೇಲ್ ಬಂತಾ ನೋಡಿ, ಸ್ಪ್ಯಾಮ್ ಫೋಲ್ಡರೂ ತೆರೆದು ನೋಡಿ.

6. ಒಳಗೆ ಏನು ನಡೆಯುತ್ತದೆ

ಎಲ್ಲ ಫೋಟೋಗಳನ್ನೂ ಮೊದಲು ಒಂದು ಸುತ್ತು ಬೇಗ ಬೇಗ ನೋಡುತ್ತಾರೆ. ಆಮೇಲೆ ಹೌದು, ಇಲ್ಲ, ನೋಡೋಣ ಅಂತ ವಿಂಗಡಣೆ, ಅಥವಾ 1ರಿಂದ 5ರ ಥರ ಅಂಕ. ಒಟ್ಟು ಅಂಕ ಕೂಡಿ ಮೇಲಿನವುಗಳನ್ನು ಆರಿಸುತ್ತಾರೆ. 'ನೋಡೋಣ' ಗುಂಪಿನಲ್ಲಿ ಯಾವುದು ಉಳಿಯುತ್ತದೆ ಅನ್ನುವುದನ್ನು ಎಷ್ಟೋ ಸಲ ಗೋಡೆಯೇ ತೀರ್ಮಾನಿಸುತ್ತದೆ. ಜಾಗ ಇಷ್ಟೇ, ದೊಡ್ಡ ಚಿತ್ರ ಇನ್ನೊಂದು ಹಿಡಿಯುವುದಿಲ್ಲ ಅಂದರೆ ನಿಮ್ಮದು ಹೊರಗೆ. ಅದು ನಿಮ್ಮ ಕೈಯ ಬಗ್ಗೆ ಯಾರೂ ಕೊಟ್ಟ ತೀರ್ಪಲ್ಲ.

ಲಂಡನ್ನಿನ ರಾಯಲ್ ಅಕಾಡೆಮಿಯ ಬೇಸಿಗೆ ಪ್ರದರ್ಶನ 1769ರಿಂದ ಪ್ರತಿ ವರ್ಷ ನಡೆಯುತ್ತಿದೆ, ಯಾರು ಬೇಕಾದರೂ ಕೃತಿ ಕಳಿಸಬಹುದು. ನಿಜ ಹೆಸರು ಮುಚ್ಚಿಟ್ಟುಕೊಂಡಿರುವ ಬೀದಿ ಕಲಾವಿದ ಬ್ಯಾಂಕ್ಸಿ 2018ರಲ್ಲಿ ಹೀಗೆ ಹೇಳಿಕೊಂಡಿದ್ದ: ಬೇರೆ ಸುಳ್ಳು ಹೆಸರಲ್ಲಿ ಕಳಿಸಿದ ನನ್ನ ಚಿತ್ರ ಅಲ್ಲಿ ತಿರಸ್ಕೃತವಾಯಿತು, ಆಮೇಲೆ ಅದೇ ಪ್ರದರ್ಶನದವರು ಬ್ಯಾಂಕ್ಸಿಯಾಗಿ ಒಂದು ಕೃತಿ ಕೊಡಿ ಅಂತ ಕೇಳಿದಾಗ ಅದನ್ನೇ ಸ್ವಲ್ಪ ಬದಲಿಸಿ ಕೊಟ್ಟೆ, ಅದು ಗೋಡೆ ಏರಿತು. 1863ರಲ್ಲಿ ಪ್ಯಾರಿಸ್ಸಿನ ಸಲೋನ್ (ಅಲ್ಲಿನ ಅಧಿಕೃತ ಕಲಾಪ್ರದರ್ಶನ) ಜ್ಯೂರಿ ತಳ್ಳಿಹಾಕಿದ ಕೃತಿಗಳ ಬಗ್ಗೆ ಗಲಾಟೆ ಎಷ್ಟಾಯಿತು ಅಂದರೆ, ಚಕ್ರವರ್ತಿ ಮೂರನೇ ನೆಪೋಲಿಯನ್ ತಿರಸ್ಕೃತರಿಗೇ ಒಂದು ಪ್ರದರ್ಶನ ಮಾಡಿಸಿದ. ಇವತ್ತು ದೊಡ್ಡ ಹೆಸರಾಗಿರುವ ಫ್ರೆಂಚ್ ಚಿತ್ರಕಾರ ಮಾನೆಯ ಕೃತಿಗಳೂ ಅಲ್ಲಿದ್ದವು. ಜ್ಯೂರಿಯೇ ಇಲ್ಲ ಅಂತ ಸಾರಿದ ನ್ಯೂಯಾರ್ಕಿನ 1917ರ ಪ್ರದರ್ಶನದಲ್ಲೂ ಕಲಾವಿದ ಡ್ಯುಶಾಂಪ್ ಕಲಾಕೃತಿ ಅಂತ ಕಳಿಸಿದ್ದ ಮೂತ್ರಪಾತ್ರೆಯನ್ನು ಇಡಲು ಬಿಡಲಿಲ್ಲ. ಹಾಗಾಗಿ 'ಇಲ್ಲ' ಅಂತ ಮೇಲ್ ಬಂದರೆ ಒಂದು ದಿನ ಬೇಜಾರು ಮಾಡಿಕೊಳ್ಳಿ, ಸಾಕು. ಜ್ಯೂರಿ ಸದಸ್ಯರನ್ನು ಹುಡುಕಿ ಫೇಸ್‌ಬುಕ್ಕಿನಲ್ಲಿ ಜಗಳಕ್ಕೆ ಮಾತ್ರ ಹೋಗಬೇಡಿ. ಅಭಿಪ್ರಾಯ ಸಿಗಬಹುದಾ ಅಂತ ಕೇಂದ್ರವನ್ನು ವಿನಯವಾಗಿ ಕೇಳಬಹುದು, ಕೆಲವರು ಕೊಡುತ್ತಾರೆ.

7. ಆಯ್ಕೆಯಾಯಿತು. ಈಗ ತೂಗುಹಾಕುವ ತಯಾರಿ

ಗೆದ್ದ ಖುಷಿಯಲ್ಲಿ ಇಲ್ಲಿ ಸೋಲುವವರಿದ್ದಾರೆ. 'ತೂಗುಹಾಕಲು ಸಿದ್ಧ' ಅಂತ ನಿಯಮದಲ್ಲಿ ಬರೆದಿರುತ್ತದೆ, ಅದರ ಅರ್ಥ ಹೀಗೆ. ಫ್ರೇಮಿನ ಹಿಂದೆ ಎಡಬಲಕ್ಕೆ, ಮೇಲಿನಿಂದ ಸುಮಾರು ಮೂರನೇ ಒಂದು ಭಾಗ ಕೆಳಗೆ, ಡಿ-ರಿಂಗ್ ಹಾಕಿರಬೇಕು (ಇಂಗ್ಲಿಷಿನ ಡಿ ಅಕ್ಷರದ ಆಕಾರದ ಲೋಹದ ಕೊಂಡಿ). ಎರಡರ ನಡುವೆ ಚಿತ್ರ ತೂಗುಹಾಕುವ ತಂತಿ. ತಂತಿಯನ್ನು ನಡುವಲ್ಲಿ ಮೇಲಕ್ಕೆ ಎಳೆದಾಗ ಅದು ಫ್ರೇಮಿನ ಮೇಲಂಚಿಗಿಂತ ಕೆಳಗೇ ನಿಲ್ಲಬೇಕು, ಇಲ್ಲದಿದ್ದರೆ ಮೊಳೆಯೂ ತಂತಿಯೂ ಎದುರಿಗೆ ಕಾಣುತ್ತವೆ. ಗರಗಸದ ಹಲ್ಲಿನಂಥ ಕೊಂಡಿ ಬಹಳ ಕಡೆ ನಡೆಯುವುದಿಲ್ಲ, ನೂಲು ದಾರ ಎಲ್ಲೂ ನಡೆಯುವುದಿಲ್ಲ. ಸ್ಕ್ರೂ ಫ್ರೇಮಿನ ದಪ್ಪಕ್ಕಿಂತ ಚಿಕ್ಕದಿದೆಯಾ ನೋಡಿ, ಮುಂದಕ್ಕೆ ತೂರಿಬಂದರೆ ಫ್ರೇಮು ಹಾಳು. ಎಲ್ಲ ಆದ ಮೇಲೆ ನಿಮ್ಮ ಮನೆ ಗೋಡೆಗೇ ಒಂದು ರಾತ್ರಿ ತೂಗುಹಾಕಿ ನೋಡಿ.

ಕಾಗದದ ಮೇಲಿನ ಚಿತ್ರಕ್ಕೆ ಮೌಂಟ್ ಹಾಕಿಸಿ. ಮೌಂಟ್ ಅಂದರೆ ಚಿತ್ರದ ಸುತ್ತ ಬರುವ ದಪ್ಪ ರಟ್ಟಿನ ಅಂಚು. ಅದರಿಂದ ಕಾಗದ ಗಾಜಿಗೆ ತಾಗುವುದಿಲ್ಲ. ಆಮ್ಲರಹಿತ ರಟ್ಟು ಕೇಳಿ ಹಾಕಿಸಿ, ಇಲ್ಲದಿದ್ದರೆ ಕಾಲ ಕಳೆದಂತೆ ಕಾಗದ ಹಳದಿಯಾಗುತ್ತದೆ. ದೊಡ್ಡ ಚಿತ್ರಕ್ಕೆ ಗಾಜಿನ ಬದಲು ಅಕ್ರಿಲಿಕ್ ಹಾಳೆ (ಗಾಜಿನಂಥ ಪಾರದರ್ಶಕ ಪ್ಲಾಸ್ಟಿಕ್) ಹಗುರ, ಸುಲಭಕ್ಕೆ ಒಡೆಯುವುದೂ ಇಲ್ಲ. ಆದರೆ ಇದ್ದಿಲು, ಮೃದು ಪೇಸ್ಟಲ್ ಚಿತ್ರಗಳಿಗೆ ಅದು ಬೇಡ. ಅಕ್ರಿಲಿಕ್‌ನಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತು ಪುಡಿಯನ್ನು ಎಳೆದುಕೊಳ್ಳುತ್ತದೆ.

ತೈಲವರ್ಣದವರಿಗೆ ಒಂದು ಎಚ್ಚರಿಕೆ. ಮುಟ್ಟಿದರೆ ಅಂಟುತ್ತಿಲ್ಲ ಅಂದ ಮಾತ್ರಕ್ಕೆ ಒಣಗಿತು ಅಂತಲ್ಲ. ದಪ್ಪ ಪದರ ಒಳಗೆ ಒಣಗಲು ತಿಂಗಳುಗಳೇ ಬೇಕು, ಅದಕ್ಕೇ ಸಾಂಪ್ರದಾಯಿಕ ವಾರ್ನಿಶ್ ಹಚ್ಚಲು ಆರು ತಿಂಗಳಿಂದ ಒಂದು ವರ್ಷ ಕಾಯುವುದು ರೂಢಿ. ಕಳೆದ ವಾರ ಮುಗಿಸಿದ ಚಿತ್ರವನ್ನು ಕಳಿಸಬೇಡಿ.

ಕಟ್ಟುವಾಗ ಬಬಲ್ ರ‍್ಯಾಪ್ ಅನ್ನು ಬಣ್ಣದ ಮೇಲೆ ನೇರವಾಗಿ ಸುತ್ತಬಾರದು, ಗುಳ್ಳೆಗಳ ಅಚ್ಚು ಬಣ್ಣದ ಮೇಲೆ ಹಾಗೇ ಕೂರುತ್ತದೆ. ಮೊದಲು ಗ್ಲಾಸಿನ್ ಕಾಗದ (ನುಣುಪಾದ, ಅಂಟದ ತೆಳು ಕಾಗದ), ಆಮೇಲೆ ಬಬಲ್ ರ‍್ಯಾಪ್, ಗುಳ್ಳೆಗಳು ಹೊರಮುಖವಾಗಿ. ನಾಲ್ಕು ಮೂಲೆಗೂ ರಟ್ಟು. ಗಾಜಿದ್ದರೆ ಅದರ ಮೇಲೆ ಮಾಸ್ಕಿಂಗ್ ಟೇಪನ್ನು ಅಡ್ಡಡ್ಡ ಅಂಟಿಸಿ, ಒಡೆದರೂ ಚೂರು ಚಿತ್ರದ ಮೇಲೆ ಬೀಳುವುದಿಲ್ಲ. ಕೃತಿಯ ಹಿಂದೆ ಹೆಸರು, ಶೀರ್ಷಿಕೆ, ಮಾಧ್ಯಮ, ವರ್ಷ, ಫೋನ್ ನಂಬರ್ ಬರೆದ ಚೀಟಿ ಇರಲಿ. ಪ್ಯಾಕಿಂಗ್ ಡಬ್ಬದ ಮೇಲೂ ಹೆಸರು ಬರೆಯಿರಿ, ವಾಪಸ್ ಒಯ್ಯುವಾಗ ಅದೇ ಬೇಕಾಗುತ್ತದೆ.

8. ಸಹಿ, ಒಪ್ಪಿಸುವುದು, ವಾಪಸ್ ತರುವುದು

ಒಪ್ಪಂದದ ಹಾಳೆಯಲ್ಲಿ ವಿಮೆ ಎಲ್ಲಿಂದ ಎಲ್ಲಿಯವರೆಗೆ ಅನ್ನುವ ಸಾಲನ್ನು ಹುಡುಕಿ. ಕೃತಿ ಕೇಂದ್ರದ ಒಳಗಿರುವಾಗ ಮಾತ್ರ ವಿಮೆ, ದಾರಿಯಲ್ಲಿ ಏನಾದರೂ ಆದರೆ ನಿಮ್ಮದೇ ಹೊಣೆ ಅನ್ನುವುದು ಸಾಮಾನ್ಯ. ಕೆಲವು ಕಡೆ ವಿಮೆಯೇ ಇರುವುದಿಲ್ಲ. ನಿಮ್ಮ ಚಿತ್ರದ ಫೋಟೋವನ್ನು ಅವರು ಎಲ್ಲೆಲ್ಲಿ ಬಳಸಬಹುದು ಅನ್ನುವುದನ್ನೂ ನೋಡಿ. ಈ ಪ್ರದರ್ಶನದ ಪ್ರಚಾರಕ್ಕೆ ಅಂದರೆ ಸರಿ, ಎಲ್ಲ ಹಕ್ಕೂ ಶಾಶ್ವತವಾಗಿ ಅವರಿಗೆ ಅಂತಿದ್ದರೆ ಸಹಿ ಹಾಕುವ ಮೊದಲು ಕೇಳಿ. ಮಧ್ಯದಲ್ಲಿ ಕೃತಿ ವಾಪಸ್ ಪಡೆಯಲು ಬಿಡುವುದಿಲ್ಲ, ಮಾರಾಟವಾಗಿದ್ದರೂ ಕೊನೆ ದಿನದವರೆಗೆ ಗೋಡೆಯಲ್ಲೇ ಇರಬೇಕು.

ಜಾಗದ ಬಗ್ಗೆ ತಕರಾರು ಮಾಡಬೇಡಿ, ಅದು ಕ್ಯುರೇಟರ್ ಕೆಲಸ. ಸಾಮಾನ್ಯವಾಗಿ ಚಿತ್ರದ ನಡುಭಾಗ ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಎತ್ತರಕ್ಕೆ, ಅಂದರೆ ನಿಂತವರ ಕಣ್ಣಿನ ಮಟ್ಟಕ್ಕೆ, ಬರುವ ಹಾಗೆ ಹಾಕುತ್ತಾರೆ. ಜಲವರ್ಣವನ್ನು ನೇರ ಬಿಸಿಲು ಬೀಳುವ ಕಿಟಕಿಯ ಎದುರು ಹಾಕಿದ್ದರೆ ಮಾತ್ರ ಹೇಳಿ, ಬಣ್ಣ ಮಾಸುತ್ತದೆ.

ಒಪ್ಪಿಸುವ ದಿನ ಅಲ್ಲೇ ನಿಂತು ಮುಂದೆ, ಹಿಂದೆ, ನಾಲ್ಕು ಮೂಲೆ, ಎಲ್ಲದರ ಫೋಟೋ ತೆಗೆದುಕೊಳ್ಳಿ. ಕೃತಿ ಬಂದಾಗ ಹೇಗಿತ್ತು ಅಂತ ಕೇಂದ್ರದವರೂ ಒಂದು ಹಾಳೆಯಲ್ಲಿ ಬರೆದರೆ ಅದರ ಪ್ರತಿ ಕೇಳಿ. ವಾಪಸ್ ಒಯ್ಯುವ ದಿನ ತಪ್ಪಿಸಬೇಡಿ, ಇಟ್ಟುಕೊಂಡಿದ್ದಕ್ಕೆ ಬಾಡಿಗೆ ಹಾಕುವ ಕೇಂದ್ರಗಳಿವೆ. ಆ ದಿನ ಗಡಿಬಿಡಿ ಜಾಸ್ತಿ, ಎಲ್ಲರೂ ಒಟ್ಟಿಗೆ ಬಂದಿರುತ್ತಾರೆ, ಸುತ್ತಿಟ್ಟಿದ್ದನ್ನು ಕೈಗೆ ಕೊಟ್ಟು ರಿಜಿಸ್ಟರಿನಲ್ಲಿ ಸಹಿ ಕೇಳುತ್ತಾರೆ. ಹಿಂದೆ ಸಾಲು ಎಷ್ಟೇ ಉದ್ದ ಇರಲಿ, ಸುತ್ತಿದ್ದನ್ನು ಬಿಚ್ಚಿ, ಮೊಬೈಲಲ್ಲಿರುವ ಆ ಫೋಟೋಗಳ ಜೊತೆ ಮೂಲೆಗಳನ್ನು ಹೋಲಿಸಿ ನೋಡಿ, ಆಮೇಲೆ ಸಹಿ ಹಾಕಿ.